ಸ್ಪೀಡೋಮೀಟರ್ ಹೇಳದ ಲೆಕ್ಕ: ವೇಗ ಮತ್ತು ವೇಗೋತ್ಕರ್ಷ

ಒಂದು ಲೆಕ್ಕದಿಂದಲೇ ಶುರು ಮಾಡೋಣ.

ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಎರಡು ಕಾರುಗಳು ಅಕ್ಕಪಕ್ಕ ಹೋಗ್ತಾ ಇವೆ ಅಂದ್ಕೊಳ್ಳಿ. ಒಂದು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ, ಇನ್ನೊಂದು 120ರಲ್ಲಿ. ಮುಂದೆ ಒಂದು ಲಾರಿ ಕೆಟ್ಟು ಅಡ್ಡ ನಿಂತಿದೆ. ಇಬ್ಬರು ಚಾಲಕರಿಗೂ ಅದು ಒಂದೇ ಕ್ಷಣಕ್ಕೆ ಕಾಣಿಸುತ್ತೆ, ಇಬ್ಬರೂ ಒಂದೇ ಥರ ಬ್ರೇಕ್ ಒತ್ತುತ್ತಾರೆ. 100ರಲ್ಲಿದ್ದ ಕಾರು ಲಾರಿಗೆ ಇನ್ನೇನು ತಾಗಬೇಕು ಅನ್ನುವಷ್ಟರಲ್ಲಿ ನಿಲ್ಲುತ್ತೆ. ಹಾಗಾದ್ರೆ 120ರಲ್ಲಿದ್ದ ಕಾರು ಎಷ್ಟು ವೇಗದಲ್ಲಿ ಲಾರಿಗೆ ಗುದ್ದುತ್ತೆ?

ವ್ಯತ್ಯಾಸ 20 ಇತ್ತಲ್ಲ, 20ರಲ್ಲಿ ಗುದ್ದಬಹುದು ಅಂತ ಹೆಚ್ಚಿನವರು ಹೇಳ್ತಾರೆ. ಸರಿಯಾದ ಉತ್ತರ 70ಕ್ಕಿಂತ ಹೆಚ್ಚು. ಇದು ಯಾಕೆ ಹೀಗೆ ಅಂತ ತಿಳಿಯೋದಕ್ಕೆ ಒಂಬತ್ತನೇ ತರಗತಿಯ ‘ಚಲನೆ’ ಪಾಠದ ಎರಡು ಪದ ಸಾಕು: ವೇಗ ಮತ್ತು ವೇಗೋತ್ಕರ್ಷ.

ಮೊದಲು ವೇಗ. ಪಠ್ಯಪುಸ್ತಕದಲ್ಲಿ ಜವ ಅಂತ ಇನ್ನೊಂದು ಪದವೂ ಇದೆ. ಎಷ್ಟು ಬೇಗ ಹೋಗ್ತಿದ್ದೀವಿ ಅನ್ನೋದು ಜವ. ಎಷ್ಟು ಬೇಗ, ಜೊತೆಗೆ ಯಾವ ದಿಕ್ಕಿಗೆ ಅನ್ನೋದು ವೇಗ. ಹುಬ್ಬಳ್ಳಿಯಿಂದ ಧಾರವಾಡಕ್ಕೆ 60ರಲ್ಲಿ ಹೋಗೋ ಬಸ್ಸು, ಧಾರವಾಡದಿಂದ ಹುಬ್ಬಳ್ಳಿಗೆ 60ರಲ್ಲಿ ಬರೋ ಬಸ್ಸು, ಎರಡರ ಜವ ಒಂದೇ, ವೇಗ ಬೇರೆ ಬೇರೆ. ಈ ದಿಕ್ಕಿನ ವಿಷಯ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಇನ್ನು ವೇಗೋತ್ಕರ್ಷ. ವೇಗ ಎಷ್ಟು ಬೇಗ ಬದಲಾಗ್ತಿದೆ ಅನ್ನೋದೇ ವೇಗೋತ್ಕರ್ಷ. ನಿಂತಿದ್ದ ಕಾರು 10 ಸೆಕೆಂಡಿನಲ್ಲಿ 100 ಕಿಲೋಮೀಟರ್ ವೇಗ ಮುಟ್ಟಿದರೆ, ಅದರ ವೇಗ ಪ್ರತಿ ಸೆಕೆಂಡಿಗೆ 10 ಕಿಲೋಮೀಟರಿನಷ್ಟು ಏರಿದೆ ಅಂತ ಅರ್ಥ. ಬ್ರೇಕ್ ಹಾಕಿದಾಗಲೂ ವೇಗ ಬದಲಾಗುತ್ತೆ, ಆದ್ರೆ ಇಳಿಯುತ್ತೆ. ಹಾಗಾಗಿ ಅದೂ ವೇಗೋತ್ಕರ್ಷವೇ, ಋಣ ವೇಗೋತ್ಕರ್ಷ.

ನಮ್ಮ ಮೈಗೆ ವೇಗ ಗೊತ್ತಾಗೋದೇ ಇಲ್ಲ, ವೇಗದ ಬದಲಾವಣೆ ಮಾತ್ರ ಗೊತ್ತಾಗುತ್ತೆ. ವಿಮಾನ ಗಂಟೆಗೆ 850 ಕಿಲೋಮೀಟರಿನಲ್ಲಿ ಹೋಗ್ತಿರುವಾಗ ಆರಾಮಾಗಿ ಕಾಫಿ ಕುಡೀತೀವಿ. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ಓಡ್ತಿದೆ, ನಮಗೆ ಗೊತ್ತೇ ಆಗಲ್ಲ. ಅದೇ ಸಿಟಿ ಬಸ್ಸಿನಲ್ಲಿ ನಿಂತಿರುವಾಗ ಡ್ರೈವರ್ ಸಡನ್ನಾಗಿ ಬ್ರೇಕ್ ಹಾಕಿದ್ರೆ, ಬಸ್ಸು 30ರಲ್ಲಿದ್ರೂ ಮುಂದಿನವರ ಮೇಲೆ ಬೀಳ್ತೀವಿ.

ಈಗ ನಮ್ಮ ಎರಡು ಕಾರುಗಳಿಗೆ ಬರೋಣ. ಒಣ ರಸ್ತೆ, ಒಳ್ಳೆ ಟೈರು ಇದ್ದು ಪೂರ್ತಿ ಬ್ರೇಕ್ ಒತ್ತಿದರೆ ಕಾರಿನ ವೇಗ ಸೆಕೆಂಡಿಗೆ ಸುಮಾರು 25 ಕಿಲೋಮೀಟರಿನಂತೆ ಇಳಿಯುತ್ತೆ. 50ರಲ್ಲಿದ್ದ ಕಾರು 2 ಸೆಕೆಂಡಿನಲ್ಲಿ ನಿಲ್ಲುತ್ತೆ, 100ರಲ್ಲಿದ್ದದ್ದು 4 ಸೆಕೆಂಡಿನಲ್ಲಿ. ಸಮಯ ಎರಡು ಪಟ್ಟಾಯ್ತು. ಆದ್ರೆ ಆ ಹೊತ್ತಿನಲ್ಲಿ ಅದರ ಸರಾಸರಿ ವೇಗವೂ ಎರಡು ಪಟ್ಟು. ಎರಡೆರಡ್ಲಿ ನಾಲ್ಕು. ಅಂದ್ರೆ 50ರಲ್ಲಿ 14 ಮೀಟರ್ ಸಾಕಾದರೆ, 100ರಲ್ಲಿ 55 ಮೀಟರ್ ಬೇಕು.

ಇದು ಬ್ರೇಕ್ ಹಿಡಿದ ಮೇಲಿನ ಲೆಕ್ಕ. ಕಣ್ಣಿಗೆ ಕಂಡು ಕಾಲು ಬ್ರೇಕಿನ ಮೇಲೆ ಹೋಗೋಕೆ ಒಂದು ಸೆಕೆಂಡಾದರೂ ಬೇಕಲ್ಲ? ಆ ಒಂದು ಸೆಕೆಂಡಿನಲ್ಲಿ 100ರ ಕಾರು 28 ಮೀಟರ್ ಹೋಗಿರುತ್ತೆ. ಒಟ್ಟು 83 ಮೀಟರ್. 120ರ ಕಾರು ಮೊದಲ ಸೆಕೆಂಡಿನಲ್ಲೇ 33 ಮೀಟರ್ ಕಳೆದುಕೊಂಡಿರುತ್ತೆ. ಅದಕ್ಕೆ ಉಳಿದದ್ದು 50 ಮೀಟರ್ ಮಾತ್ರ, ಬೇಕಾದದ್ದು 79 ಮೀಟರ್. ಜಾಗ ಮುಗಿದಾಗ ಅದರ ವೇಗ ಇನ್ನೂ 73ರ ಹತ್ತಿರ ಇರುತ್ತೆ. ಈ ಹೆದ್ದಾರಿಯಲ್ಲಿ ಕಾರಿನ ವೇಗದ ಮಿತಿ 100 ಇರೋದನ್ನು ಈ ಲೆಕ್ಕದ ಜೊತೆಗಿಟ್ಟು ನೋಡಿ.

ಹಾಗಾದ್ರೆ ಗುದ್ದಿದಾಗ ಮೈಗೆ ಏನಾಗುತ್ತೆ? ಅಲ್ಲೂ ಇದೇ ವೇಗೋತ್ಕರ್ಷದ ಪ್ರಶ್ನೆ. 1954ರ ಡಿಸೆಂಬರ್ 10ರಂದು ಅಮೆರಿಕದ ವಾಯುಪಡೆಯ ವೈದ್ಯ ಜಾನ್ ಸ್ಟಾಪ್, ನ್ಯೂ ಮೆಕ್ಸಿಕೊದಲ್ಲಿ ಹಳಿ ಮೇಲೆ ಓಡೋ ರಾಕೆಟ್ ಬಂಡಿಯಲ್ಲಿ ಕೂತು ಗಂಟೆಗೆ 1000 ಕಿಲೋಮೀಟರ್ ದಾಟಿದರು. ಬಂಡಿ 1.4 ಸೆಕೆಂಡಿನಲ್ಲಿ ನಿಂತಿತು. ಅವರ ಮೈಮೇಲೆ ಗುರುತ್ವದ 46 ಪಟ್ಟು ಹೊರೆ ಬಿತ್ತು. ಕಣ್ಣುಗಳಲ್ಲಿ ರಕ್ತ ತುಂಬಿ ಸ್ವಲ್ಪ ಹೊತ್ತು ಏನೂ ಕಾಣಿಸಲಿಲ್ಲ, ಆದ್ರೆ ಬದುಕಿದರು. ಯಾಕಂದ್ರೆ ಅವರನ್ನು ಸೀಟಿಗೆ ಬಿಗಿಯಾಗಿ ಕಟ್ಟಿದ್ದರು, ಬಂಡಿ ನೂರಾರು ಅಡಿ ಓಡಿ ನಿಂತಿತ್ತು. ಅದೇ ಸ್ಟಾಪ್ ಮುಂದೆ ಕಾರುಗಳಲ್ಲಿ ಸೀಟ್ ಬೆಲ್ಟ್ ಬೇಕು ಅಂತ ಪಟ್ಟು ಹಿಡಿದು ಓಡಾಡಿದರು.

ಇದನ್ನು ನಮ್ಮ ರಸ್ತೆಗೆ ಹೊಂದಿಸಿ ನೋಡೋಣ. 50ರಲ್ಲಿ ಹೋಗ್ತಿದ್ದ ಕಾರು ಗೋಡೆಗೆ ಗುದ್ದಿತು ಅಂದ್ಕೊಳ್ಳಿ. ಕಾರಿನ ಮುಂಭಾಗ 70 ಸೆಂಟಿಮೀಟರ್ ನಜ್ಜುಗುಜ್ಜಾಯ್ತು. ಬೆಲ್ಟ್ ಹಾಕಿದವರು ಕಾರಿನ ಜೊತೆಗೇ ಆ 70 ಸೆಂಟಿಮೀಟರಿನಲ್ಲಿ ನಿಲ್ತಾರೆ. ಅವರಿಗೆ ಗುರುತ್ವದ ಸುಮಾರು 14 ಪಟ್ಟು. ಬೆಲ್ಟ್ ಹಾಕದವರಿಗೆ ಕಾರು ನಿಂತದ್ದು ತಲುಪೋದೇ ಇಲ್ಲ. ಅವರು 50ರಲ್ಲೇ ಮುಂದೆ ಹೋಗಿ, ಡ್ಯಾಶ್‌ಬೋರ್ಡಿಗೋ ಮುಂದಿನ ಸೀಟಿಗೋ ಬಡಿದು ಕೆಲವೇ ಸೆಂಟಿಮೀಟರಿನಲ್ಲಿ ನಿಲ್ತಾರೆ. 5 ಸೆಂಟಿಮೀಟರ್ ಅಂದ್ರೂ ಸುಮಾರು 200 ಪಟ್ಟು. ಹಿಂದಿನ ಸೀಟಿನಲ್ಲಿ ಕೂತವರಿಗೂ ಬೆಲ್ಟ್ ಬೇಕು ಅನ್ನೋದು ಇದಕ್ಕೇ.

ಹೆಲ್ಮೆಟ್ಟಿನ ಕಥೆಯೂ ಇದೇ. ಅದರೊಳಗಿನ ಥರ್ಮಾಕೋಲ್ ಪದರ ಅಪ್ಪಚ್ಚಿಯಾಗುತ್ತಾ ತಲೆಗೆ ನಿಲ್ಲೋಕೆ ಒಂದೆರಡು ಸೆಂಟಿಮೀಟರ್ ಜಾಗ ಕೊಡುತ್ತೆ. ಆ ಪದರವೇ ಇಲ್ಲದ ತೆಳು ಪ್ಲಾಸ್ಟಿಕ್ ಟೋಪಿ ಪೊಲೀಸರ ದಂಡದಿಂದ ಉಳಿಸಬಹುದು, ತಲೆಯನ್ನಲ್ಲ.

ದಿಕ್ಕಿನ ವಿಷಯ ಬಾಕಿ ಇದೆ. ಆಗುಂಬೆ ಘಾಟಿಯ ಹೇರ್‌ಪಿನ್ ತಿರುವಿನಲ್ಲಿ ಮುಳ್ಳು 30ರಲ್ಲೇ ನಿಂತಿದ್ದರೂ ದಿಕ್ಕು ಬದಲಾಗ್ತಿದೆ. ಅಂದ್ರೆ ವೇಗ ಬದಲಾಗ್ತಿದೆ, ಅಂದ್ರೆ ಅಲ್ಲೂ ವೇಗೋತ್ಕರ್ಷ ಇದೆ. ಅದನ್ನು ಕೊಡೋದು ಟೈರಿನ ಹಿಡಿತ. ಇಲ್ಲೂ ವೇಗ ಎರಡು ಪಟ್ಟಾದರೆ ಬೇಕಾದ ಹಿಡಿತ ನಾಲ್ಕು ಪಟ್ಟು. ಮಳೆಗಾಲದಲ್ಲಿ ಹಿಡಿತವೇ ಕಡಿಮೆ. ತಿರುವಿನೊಳಗೆ ಹೋಗಿ ಬ್ರೇಕ್ ಒತ್ತಿದರೆ, ಇದ್ದ ಅಷ್ಟು ಹಿಡಿತವನ್ನೇ ತಿರುಗೋಕೂ ನಿಲ್ಲೋಕೂ ಹಂಚಬೇಕು. ಅದಕ್ಕೇ ತಿರುವಿಗೆ ಮೊದಲೇ ವೇಗ ಇಳಿಸಿ ಅಂತ ಅನುಭವಿ ಡ್ರೈವರುಗಳು ಹೇಳೋದು.

ಮನೆಯಲ್ಲಿ ಹೈಸ್ಕೂಲು ಮಕ್ಕಳಿದ್ದರೆ ಅವರಿಗೊಂದು ಪ್ರಶ್ನೆ ಕೇಳಿ. ನೇರ ಮೇಲಕ್ಕೆ ಎಸೆದ ಚೆಂಡು ತುದಿ ಮುಟ್ಟಿದ ಕ್ಷಣದಲ್ಲಿ ಅದರ ವೇಗ ಸೊನ್ನೆ. ವೇಗೋತ್ಕರ್ಷ? ಅದೂ ಸೊನ್ನೆ ಅಂದ್ರೆ ತಪ್ಪು. ಸೊನ್ನೆ ಆಗಿದ್ದರೆ ಚೆಂಡು ಅಲ್ಲೇ ಗಾಳಿಯಲ್ಲಿ ನಿಂತುಬಿಡಬೇಕಿತ್ತು. ಭೂಮಿ ಎಳೀತಾನೇ ಇದೆ, ವೇಗ ಬದಲಾಗ್ತಾನೇ ಇದೆ, ಪ್ರತಿ ಸೆಕೆಂಡಿಗೆ ಸೆಕೆಂಡಿಗೆ 9.8 ಮೀಟರಿನಷ್ಟು.

ಕೊನೆಗೆ ರಸ್ತೆಯಲ್ಲಿ ಬಳಸೋಕೆ ಒಂದು ಸುಲಭ ಅಳತೆ. ಮುಂದಿನ ವಾಹನ ಒಂದು ಕಂಬ ದಾಟಿದಾಗ ಎಣಿಸೋಕೆ ಶುರು ಮಾಡಿ. ನೀವು ಆ ಕಂಬ ತಲುಪೋಕೆ ಮೂರು ಸೆಕೆಂಡಾದರೂ ಆಗಬೇಕು. 100ರಲ್ಲಿ ಮೂರು ಸೆಕೆಂಡು ಅಂದ್ರೆ 83 ಮೀಟರ್, ನಾವು ಆಗಲೇ ಲೆಕ್ಕ ಹಾಕಿದ ಅದೇ ದೂರ. ಮಳೆ ಬಂದರೆ ಅದನ್ನು ದುಪ್ಪಟ್ಟು ಮಾಡಿ. ಬೆಂಗಳೂರಿನಿಂದ ಮೈಸೂರಿಗೆ ಸುಮಾರು 118 ಕಿಲೋಮೀಟರ್ ಹೆದ್ದಾರಿಯಲ್ಲಿ ಪೂರ್ತಿ 120ರಲ್ಲೇ ಓಡಿಸಿದರೂ ಉಳಿಯೋದು 12 ನಿಮಿಷ. ಅಷ್ಟಕ್ಕೆ ಏನನ್ನು ಪಣಕ್ಕಿಡ್ತಿದ್ದೀವಿ ಅಂತ ನೀವೇ ಯೋಚನೆ ಮಾಡಿ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ. ಅಲ್ಲಿಯವರೆಗೆ ಬೆಲ್ಟ್ ಹಾಕ್ಕೊಳ್ಳಿ, ಹುಷಾರಾಗಿ ಓಡಾಡಿ. ನಮಸ್ಕಾರ.