‘ಬರೆ’ ಎಂಬ ಒಂದು ಪದ: ಅರ್ಥದಿಂದ ಆಕೃತಿಯವರೆಗೆ



ಇಂದಿನ ನನ್ನ ಮಾತು ಒಂದೇ ಒಂದು ಪದವನ್ನು ಕುರಿತದ್ದು. ಆ ಪದ ‘ಬರೆ’. ಶಾಲೆಯ ಗಂಟೆ ಬಾರಿಸಿದ ಕ್ಷಣದಿಂದ ಮಕ್ಕಳು ಮನೆಗೆ ಹೊರಡುವ ತನಕ ನಮ್ಮ ಬಾಯಲ್ಲಿ ಅತಿ ಹೆಚ್ಚು ಸಲ ಬರುವ ಪದ ಬಹುಶಃ ಇದೇ. ಹೆಚ್ಚು ಬಳಸುವ ಪದವನ್ನು ನಾವು ನಿಂತು ನೋಡುವುದು ಕಡಮೆ. ಇದರ ಅರ್ಥಗಳನ್ನು ಮಕ್ಕಳೊಡನೆ ಅರಸಿ, ವಿಂಗಡಿಸಿ, ಕೊನೆಗೆ ಒಂದು ಗೋಡೆಪಟವಾಗಿ ವಿನ್ಯಾಸಗೊಳಿಸುವ ಬಗೆಯನ್ನು ನಿಮ್ಮ ಮುಂದಿಡಲು ಬಯಸುತ್ತೇನೆ. ಚಿತ್ರಕಲೆಯ ಪ್ರತ್ಯೇಕ ಶಿಕ್ಷಕರಿಲ್ಲದ ಶಾಲೆಯಲ್ಲಿಯೂ ಭಾಷಾ ಶಿಕ್ಷಕರೇ ಇದನ್ನು ನಡೆಸಬಹುದು.

ಮೊದಲು ಒಂದು ತೊಡಕನ್ನು ಗಮನಿಸೋಣ. ಒಂದನೆಯ ತರಗತಿಯ ಮಗುವಿಗೆ ‘ಎಲೆಯನ್ನು ಬರೆ’ ಎಂದು ಹೇಳಿದೆವೆಂದು ಇಟ್ಟುಕೊಳ್ಳಿ. ಒಂದು ಮಗು ‘ಎ’ ಮತ್ತು ‘ಲೆ’ ಎಂಬ ಎರಡು ಅಕ್ಷರಗಳನ್ನು ಬರೆಯುತ್ತದೆ. ಇನ್ನೊಂದು ಮಗು ನಡುವೆ ನರವಿರುವ, ತುದಿ ಚೂಪಾದ ಒಂದು ಎಲೆಯನ್ನು ಬರೆಯುತ್ತದೆ. ಕನ್ನಡದ ಮಟ್ಟಿಗೆ ಎರಡೂ ಸರಿ. ಆದರೆ ನಮ್ಮ ಕೆಂಪು ಶಾಯಿ ಸಾಮಾನ್ಯವಾಗಿ ಎರಡನೆಯ ಮಗುವಿನ ಹಾಳೆಯ ಮೇಲೆಯೇ ಅಡ್ಡಗೆರೆ ಎಳೆಯುತ್ತದೆ. ಆ ಮಗು ಭಾಷೆಯನ್ನು ತಪ್ಪಾಗಿ ತಿಳಿದಿರಲಿಲ್ಲ. ಪದದ ಇನ್ನೊಂದು ಅರ್ಥವನ್ನು ಆರಿಸಿಕೊಂಡಿತ್ತು, ಅಷ್ಟೆ.

ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ನಮ್ಮ ಮಕ್ಕಳಿಗೆ ಈ ತೊಡಕು ಇನ್ನೂ ಒಂದು ಮಡಿ ಹೆಚ್ಚು. ಸಂವಿಧಾನಕ್ಕೆ 1956ರಲ್ಲಿ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಅನುಕೂಲ ಒದಗಿಸಬೇಕೆನ್ನುತ್ತದೆ. 2006ರ ತಮಿಳು ಕಲಿಕೆ ಕಾಯಿದೆಯು ತಮಿಳನ್ನು ಹಂತಹಂತವಾಗಿ ಕಡ್ಡಾಯಗೊಳಿಸಿತು. ಆದ್ದರಿಂದ ನಮ್ಮ ಮಗು ಒಂದೇ ದಿನ ಎರಡು ಭಾಷೆಗಳ ಆಜ್ಞೆಗಳನ್ನು ಕೇಳುತ್ತದೆ. ತಮಿಳಿನಲ್ಲಿ ಅಕ್ಷರಕ್ಕೆ ‘ಎಳುದು’, ಚಿತ್ರಕ್ಕೆ ‘ವರೈ’. ಎರಡು ಕೆಲಸಕ್ಕೆ ಎರಡು ಪದ. ಕನ್ನಡದ ತರಗತಿಗೆ ಬಂದೊಡನೆ ಎರಡಕ್ಕೂ ‘ಬರೆ’. ಮಗುವಿನ ಗೊಂದಲಕ್ಕೆ ಕಾರಣವಿದೆ. ಆ ಕಾರಣವನ್ನು ಮಗು ಬಿಡಿಸಿ ಹೇಳಲಾರದು. ನಾವು ಹೇಳಬೇಕು.

ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ತಮಿಳಿನ ‘ವರೈ’ ಮತ್ತು ಕನ್ನಡದ ‘ಬರೆ’ ಒಂದೇ ಬೇರಿನ ಪದಗಳು. ತಮಿಳಿನಲ್ಲಿ ಪದದ ಮೊದಲಿಗೆ ವಕಾರವಿರುವೆಡೆ ಕನ್ನಡದಲ್ಲಿ ಬಕಾರ ಬರುವುದು ನಮ್ಮ ಮಕ್ಕಳಿಗೆ ಕಿವಿಯಿಂದಲೇ ಗೊತ್ತು: ವಾಯ್, ಬಾಯಿ, ವೇರ್, ಬೇರು, ವಿರಲ್, ಬೆರಳು, ವಾಳೈ, ಬಾಳೆ. ಅದೇ ಸಾಲಿನಲ್ಲಿ ವರೈ, ಬರೆ. ತೆಲುಗನ್ನು ಬಲ್ಲ ಹೊಸೂರಿನ ಕಡೆಯ ಮಕ್ಕಳಿಗೆ ‘ವ್ರಾಯು’ ಎಂಬುದನ್ನೂ ಈ ಸಾಲಿಗೆ ಸೇರಿಸಲು ಹೇಳಬಹುದು. ತಮಿಳಿನಲ್ಲಿ ‘ವರೈ’ ಎಂದರೆ ಎಲ್ಲೆ ಎಂಬ ಅರ್ಥವೂ ಉಂಟು. ‘ತನಕ’ ಎಂಬ ಅರ್ಥವೂ ಉಂಟು. ನಾವು ‘ಹೊಳೆಯವರೆಗೆ’, ‘ಸಂಜೆಯವರೆಗೆ’ ಎನ್ನುವಾಗ ಬರುವ ‘ವರೆಗೆ’ ಇದೇ ಬಳಗದ್ದು. ಎಳೆದ ಗೆರೆಯೇ ಎಲ್ಲೆಯಾಯಿತು. ಎಲ್ಲೆಯೇ ‘ಅಲ್ಲಿಯ ತನಕ’ ಎಂಬ ಅರ್ಥಕ್ಕೆ ದಾರಿಯಾಯಿತು. ತಮಿಳಿನಲ್ಲಿ ಭೂಪಟವನ್ನು ‘ವರೈಪಡಂ’ ಎನ್ನುತ್ತಾರೆ. ಸಮಾಜ ವಿಜ್ಞಾನದ ಪಾಠದಲ್ಲಿ ಆ ಪದ ಕಂಡಾಗ ನಮ್ಮ ಮಗು ಅದರೊಳಗೆ ತನ್ನ ‘ಬರೆ’ಯನ್ನು ಗುರುತಿಸಬಲ್ಲುದಾದರೆ, ಎರಡನೆಯ ಭಾಷೆ ಹೊರೆಯಾಗದೆ ನೆಂಟನಾಗುತ್ತದೆ.

ಬರೆಯುವುದು ಮತ್ತು ಚಿತ್ರಿಸುವುದು ಒಂದೇ ಪದದಲ್ಲಿ ಕೂಡಿರುವುದು ಕನ್ನಡದ ಬಡತನವಲ್ಲ. ಸಂಸ್ಕೃತದ ‘ಲಿಖ್’ ಧಾತುವಿಗೂ ಮೊದಲ ಅರ್ಥ ಗೀರು ಎಂಬುದೇ. ಲೇಖನ, ಲೇಖನಿ, ಉಲ್ಲೇಖ ಇವೆಲ್ಲ ಅಲ್ಲಿಂದ ಬಂದವು. ಉಷೆಯ ಗೆಳತಿಯಾಗಿ ರಾಜಕುಮಾರರ ಮುಖಗಳನ್ನು ಬರೆದು ತೋರಿಸಿದವಳ ಹೆಸರು ಚಿತ್ರಲೇಖೆ. ಗ್ರೀಕ್ ಭಾಷೆಯ ‘ಗ್ರಾಫೈನ್’ ಎಂಬ ಕ್ರಿಯಾಪದಕ್ಕೂ ಗೀರು, ಚಿತ್ರಿಸು, ಬರೆ ಎಂಬ ಅರ್ಥಗಳಿವೆ. ಇಂದು ನಾವು ಗ್ರಾಫ್, ಫೋಟೊಗ್ರಾಫ್, ಗ್ರಾಫಿಕ್ ಡಿಸೈನ್ ಎನ್ನುವಾಗ ಆ ಹಳೆಯ ಗೀರೇ ಮಾತಾಡುತ್ತಿರುತ್ತದೆ. ನಮ್ಮ ಹಿರಿಯರು ತಾಳೆಗರಿಯ ಮೇಲೆ ಕಂಟವೆಂಬ ಕಬ್ಬಿಣದ ಮೊನೆಯಿಂದ ಗೀರಿ, ಆ ಗೀರಿನೊಳಗೆ ಮಸಿ ತುಂಬುತ್ತಿದ್ದರು. ಅಲ್ಲಿ ಬರಹವೆಂದರೆ ಅಕ್ಷರಶಃ ಗೀರು.

ಇದಕ್ಕೆ ನಮ್ಮ ಸುತ್ತಲೇ ಸಾಕ್ಷಿಗಳಿವೆ. ಕೃಷ್ಣಗಿರಿ ಜಿಲ್ಲೆಯ ಮಲ್ಲಪಾಡಿಯ ಬಂಡೆಯ ಮೇಲೆ ಬಿಳಿಯ ಬಣ್ಣದ ಪ್ರಾಚೀನ ಚಿತ್ರಗಳಿವೆ. ಅವು ಅಕ್ಷರವಿಲ್ಲದ ಬರಹ. ಹಿಂದೆ ತಗಡೂರು ಎನಿಸಿದ್ದ ಧರ್ಮಪುರಿಯಲ್ಲಿ ನೊಳಂಬರ ಕಾಲದ, ಒಂಬತ್ತನೆಯ ಶತಮಾನದ ಕನ್ನಡ ಶಾಸನಗಳು ದೊರೆತಿವೆ. ಅವು ಚಿತ್ರವಿಲ್ಲದ ಬರಹ. ಈ ಎರಡರ ನಡುವೆ ನಿಲ್ಲುವುದು ವೀರಗಲ್ಲು. ಕನ್ನಡ ನಾಡಿನ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ. ಪಟ್ಟಿಕೆಗಳ ನಡುವಣ ಅಂಚಿನಲ್ಲಿ ಅಕ್ಷರ. ಓದಬಲ್ಲವನು ಹೆಸರನ್ನು ತಿಳಿಯುತ್ತಾನೆ, ಓದಲಾರದವನು ಕತೆಯನ್ನು ತಿಳಿಯುತ್ತಾನೆ. ದೃಶ್ಯ ವಿನ್ಯಾಸ ಎಂಬ ಹೊಸ ಹೆಸರಿನ ಹಳೆಯ ಪಾಠ ಇದು. ಧರ್ಮಪುರಿಯ ಸರಕಾರಿ ವಸ್ತುಸಂಗ್ರಹಾಲಯದಲ್ಲಿಯೂ ವೀರಗಲ್ಲುಗಳಿವೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗ ‘ಇದನ್ನು ಯಾರು ಬರೆದರು?’ ಎಂದು ಕೇಳಿ ನೋಡಿ.

ಇನ್ನು ಈ ಪದದ ನೆರಳಿನ ಕಡೆಗೆ ಬರೋಣ. ‘ಬರೆ’ ನಾಮಪದವಾದಾಗ ಕಾದ ಕಬ್ಬಿಣದಿಂದ ಮೈಮೇಲೆ ಎಳೆದ ಸುಟ್ಟ ಗುರುತು. ಕೂಸುಗಳಿಗೆ ಕಾಯಿಲೆಯಾದಾಗ ಬರೆ ಹಾಕುವ ಕ್ರೂರ ರೂಢಿ ಹಳ್ಳಿಗಳಲ್ಲಿತ್ತು. ‘ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಂತೆ’ ಎಂಬ ಗಾದೆಯೂ, ‘ಗಾಯದ ಮೇಲೆ ಬರೆ ಎಳೆದಂತೆ’ ಎಂಬ ಮಾತೂ ಈ ಅರ್ಥದಿಂದ ಹುಟ್ಟಿದವು. ತಮಿಳಿನ ಗಾದೆಯಲ್ಲಿ ಹುಲಿಯನ್ನು ನೋಡಿ ಸುಟ್ಟುಕೊಳ್ಳುವುದು ಬೆಕ್ಕು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಮಕ್ಕಳು ನಗುತ್ತಾರೆ, ಮರೆಯುವುದಿಲ್ಲ. ಇನ್ನೊಂದು ‘ಹಣೆಬರಹ’. ಯಾರೋ ಮೊದಲೇ ಬರೆದಿಟ್ಟದ್ದು, ನಾವು ಅಳಿಸಲಾರದ್ದು ಎಂಬ ಭಾವ ಅದರಲ್ಲಿದೆ.

ಬಂಧುಗಳೇ, ಈ ಎರಡು ಅರ್ಥಗಳನ್ನು ನಾವು ಪಾಠ ಮಾಡಬೇಕಾದುದಷ್ಟೇ ಅಲ್ಲ, ನಮ್ಮ ನಡೆಯಲ್ಲಿಯೂ ನೆನಪಿಡಬೇಕು. ಹಿಂದುಳಿದ ಮಗುವಿಗೆ ‘ನಿನ್ನ ಹಣೆಬರಹ ಇಷ್ಟೇ’ ಎಂಬ ಮಾತು ತರಗತಿಯಲ್ಲಿ ಸಲೀಸಾಗಿ ಹೊರಬೀಳುತ್ತದೆ. ಬರೆಯಲು ಕಲಿಯಲೆಂದು ಬಂದ ಮಗುವಿಗೆ, ಎಲ್ಲವೂ ಬರೆದು ಮುಗಿದಿದೆ ಎಂದು ಹೇಳಿದಂತಾಯಿತು. ಮನೆಯ ಮಾತು ಒಂದು, ಬೀದಿಯ ಮಾತು ಒಂದು, ಶಾಲೆಯ ಗ್ರಾಂಥಿಕ ಭಾಷೆ ಇನ್ನೊಂದು ಎಂಬಂತೆ ಬೆಳೆಯುವ ಗಡಿನಾಡಿನ ಮಗುವಿನ ಮನಸ್ಸಿನ ಮೇಲೆ ಅಂತಹ ಮಾತು ಬರವಣಿಗೆಯಾಗಿ ಉಳಿಯುವುದಿಲ್ಲ, ಬರೆಯಾಗಿಯೇ ಉಳಿಯುತ್ತದೆ.

ಈಗ ಚಟುವಟಿಕೆಯ ವಿಧಾನ. ಇದು ನಾಲ್ಕೈದು ಅವಧಿಗಳ ಕೆಲಸ. ನಾಲ್ಕನೆಯ ತರಗತಿಯಿಂದ ಎಂಟನೆಯ ತರಗತಿಯವರೆಗೆ ಹೊಂದುತ್ತದೆ.

ಮೊದಲನೆಯದು ಸಂಗ್ರಹ. ಮೂರು ದಿನ ಮಕ್ಕಳು ಮನೆಯಲ್ಲಿ, ಸಂತೆಯಲ್ಲಿ, ಹೊಲದಲ್ಲಿ ‘ಬರೆ’ ಇರುವ ಮಾತುಗಳನ್ನು ಕೇಳಿ ಗುರುತು ಮಾಡಿಕೊಂಡು ಬರಲಿ. ಆಡುಮಾತಿನ ‘ಬರಿ’, ‘ಬರ್ದೆ’ ಎಂಬ ರೂಪಗಳನ್ನು ತಿದ್ದದೆ ಹಾಗೆಯೇ ಸ್ವೀಕರಿಸಿ. ಅಜ್ಜಿಯರ ಗಾದೆಗಳು, ತಮಿಳು ಮಾತಿನ ನೆರೆಯವರ ‘ವರೈ’, ತೆಲುಗಿನ ರೂಪ, ಎಲ್ಲವೂ ಬರಲಿ. ನಿಘಂಟನ್ನು ತೆರೆಯುವುದು ಇದರ ಅನಂತರ.

ಎರಡನೆಯದು ವಿಂಗಡಣೆ. ಪ್ರತಿಯೊಂದು ಮಾತಿಗೂ ನಾಲ್ಕು ಪ್ರಶ್ನೆಗಳನ್ನು ಕೇಳಿ: ಬರೆಯುವವರು ಯಾರು? ಯಾವುದರಿಂದ? ಯಾವುದರ ಮೇಲೆ? ಕೊನೆಗೆ ಏನು ಉಳಿಯಿತು? ಬಳಪ ಮತ್ತು ಹಲಗೆ. ಕಂಟ ಮತ್ತು ತಾಳೆಗರಿ. ಕುಂಚ ಮತ್ತು ಗೋಡೆ. ಕಾದ ಕಬ್ಬಿಣ ಮತ್ತು ಚರ್ಮ. ವಿಧಿ ಮತ್ತು ಹಣೆ. ಹೀಗೆ ಕೋಷ್ಟಕ ತುಂಬುತ್ತಿದ್ದಂತೆ ಎಲ್ಲ ಸಾಲುಗಳಲ್ಲಿಯೂ ಸಮಾನವಾದ ಒಂದು ಸಂಗತಿ ಮಕ್ಕಳಿಗೇ ಕಾಣಿಸುತ್ತದೆ: ಒಂದು ಮೊನೆ ಒಂದು ಮೈಯನ್ನು ಹಾದುಹೋಗಿ ಗುರುತನ್ನು ಉಳಿಸುತ್ತದೆ. ಇದೇ ಪದದ ತಿರುಳು. ತಿರುಳನ್ನು ನಾವು ಮೊದಲೇ ಹೇಳಿಕೊಟ್ಟರೆ ಕೋಷ್ಟಕ ವ್ಯರ್ಥ.

ಈ ಹಂತದಲ್ಲಿ ಒಂದು ಎಚ್ಚರಿಕೆ ಬೇಕು. ಕಿವಿಗೆ ಹತ್ತಿರವಾದ ಪದಗಳೆಲ್ಲ ಒಂದೇ ಬಳಗದವಲ್ಲ. ‘ಬರೀ ಕೈಯಲ್ಲಿ ಬಂದ’ ಎಂಬಲ್ಲಿಯ ‘ಬರೀ’ ಬೇರೆ, ಮಳೆಯಿಲ್ಲದ ‘ಬರ’ ಬೇರೆ, ‘ಬರುವುದು’ ಬೇರೆ. ಕೊಡಗಿನಲ್ಲಿ ‘ಬರೆ ಕುಸಿಯಿತು’ ಎಂದರೆ ಕಡಿದಾದ ಮಣ್ಣಿನ ದಿಬ್ಬ ಕುಸಿಯಿತೆಂದು ಅರ್ಥ. ಅದನ್ನು ಪ್ರತ್ಯೇಕ ಸಾಲಿನಲ್ಲಿ ಇಡಿಸಿ. ಅರ್ಥದ ಕೊಂಡಿ ಕಾಣದೆಡೆ ಕೊಂಡಿ ಹಾಕಬಾರದು ಎಂಬ ಶಿಸ್ತನ್ನು ಮಕ್ಕಳು ಇಲ್ಲಿಯೇ ಕಲಿಯುತ್ತಾರೆ.

ಮೂರನೆಯದು ವಿನ್ಯಾಸ. ಮಕ್ಕಳಿಗೆ ಪೂರ್ಣ ಸ್ವಾತಂತ್ರ್ಯ ಕೊಟ್ಟರೆ ಅವರು ಅಕ್ಷರಗಳ ಸುತ್ತ ಹೂಬಳ್ಳಿ ಬರೆದು ಬಣ್ಣ ತುಂಬುತ್ತಾರೆ. ಅದು ಅಲಂಕಾರ, ಅರ್ಥವಲ್ಲ. ಆದ್ದರಿಂದ ಮೂರು ಕಟ್ಟುಪಾಡುಗಳನ್ನು ಹಾಕಿ: ಒಂದೇ ಬಣ್ಣ, ಹಾಳೆಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸಾಗುವ ಒಂದೇ ಗೆರೆ, ಪ್ರತಿ ಅರ್ಥಕ್ಕೂ ಆ ಗೆರೆಯ ಒಂದೊಂದು ತಿರುವು. ಅದೇ ಗೆರೆ ಮಗುವಿನ ಗೀಚಾಗಿ ಹೊರಟು, ಎಲೆಯಾಗಿ, ‘ಬ’ಕಾರವಾಗಿ, ನರಿಯ ಬೆನ್ನಿನ ಬರೆಯಾಗಿ, ಹಣೆಯ ಮೇಲಿನ ಗೆರೆಯಾಗಿ, ಹೊಲದ ಎಲ್ಲೆಯಾಗಿ ನಿಲ್ಲಬಹುದು. ಪ್ರತಿ ತಂಡದ ಗೆರೆ ಬೇರೆ ದಾರಿ ಹಿಡಿಯುತ್ತದೆ, ಹಿಡಿಯಲಿ.

ನಾಲ್ಕನೆಯದು ಪರೀಕ್ಷೆ. ಪಟವನ್ನು ಬೇರೆ ತರಗತಿಯ ಮಕ್ಕಳ ಮುಂದೆ ವಿವರಣೆಯಿಲ್ಲದೆ ಹಿಡಿಯಲಿ. ಅಕ್ಷರ ಬಲ್ಲವರಿಗೆ ಎಷ್ಟು ಅರ್ಥ ಸಿಕ್ಕಿತು, ಇನ್ನೂ ಬಾರದ ಪುಟಾಣಿಗಳಿಗೆ ಎಷ್ಟು ಸಿಕ್ಕಿತು ಎಂದು ಎಣಿಸಲಿ. ಬರವಣಿಗೆಯ ಅರ್ಥಕ್ಕೆ ಒಂದು ಪೆನ್ನಿನ ಚಿತ್ರ ಹಾಕಿದ್ದರೆ ನೋಡುಗರು ‘ಪೆನ್ನು’ ಎಂದು ಮಾತ್ರ ಹೇಳುತ್ತಾರೆ. ಉಪಕರಣವನ್ನು ತೋರಿಸುವುದು ಬೇರೆ, ಕ್ರಿಯೆಯನ್ನು ತೋರಿಸುವುದು ಬೇರೆ ಎಂಬ ತಿಳಿವಳಿಕೆ ಆಗ ತಾನಾಗಿ ಮೂಡುತ್ತದೆ. ಅಂದ ನೋಡಿ ಅಂಕ ಕೊಡಬೇಡಿ. ಅರ್ಥಗಳ ವಿಂಗಡಣೆ, ಕೊಂಡಿಯ ಸಮರ್ಥನೆ, ನೋಡುಗರಿಗೆ ಮುಟ್ಟಿದ ಬಗೆ, ಇವು ಮೂರೇ ಅಳತೆಗಳಾಗಲಿ. ಕೈಬರಹ ಚೆನ್ನಾಗಿಲ್ಲದ ಮಗುವೂ, ಚಿತ್ರ ಬಾರದೆನ್ನುವ ಮಗುವೂ ಇಲ್ಲಿ ಸಮನಾಗಿ ನಿಲ್ಲಬಲ್ಲವು.

ಕೆಳಗಿನ ತರಗತಿಗಳಲ್ಲಿ ಇಷ್ಟು ಸಾಕು: ‘ಎಲೆ ಎಂಬ ಪದವನ್ನು ಬರೆ’, ‘ಎಲೆಯ ಚಿತ್ರವನ್ನು ಬರೆ’ ಎಂದು ಸೂಚನೆಯನ್ನು ಬಿಡಿಸಿ ಕೊಡಿ. ಚಿತ್ರಕ್ಕೆ ‘ಬಿಡಿಸು’ ಎನ್ನುವ ರೂಢಿಯೂ ಇದೆ. ಆದರೆ ಲೆಕ್ಕವನ್ನೂ ಒಗಟನ್ನೂ ಸಂಧಿಯನ್ನೂ ಹತ್ತಿಯನ್ನೂ ನಾವು ‘ಬಿಡಿಸು’ತ್ತೇವೆ. ಆ ಪದ ಮುಂದಿನ ವರ್ಷದ ಗೋಡೆಪಟಕ್ಕೆ ಇರಲಿ.

ಹೊಗೆನಕಲ್ಲಿನ ಹೆಸರನ್ನೇ ನೋಡಿ. ತಮಿಳಿನ ಫಲಕದಲ್ಲಿ ಹಕಾರ ಬಿಟ್ಟು ‘ಒಗೇನಕ್ಕಲ್’ ಎಂದಿರುತ್ತದೆ. ಕನ್ನಡದ ಹೊಗೆ ತಮಿಳಿನಲ್ಲಿ ‘ಪುಗೈ’. ಕಲ್ಲು ಮಾತ್ರ ಎರಡರಲ್ಲಿಯೂ ಕಲ್ಲೇ. ನಾವು ಹರಿಗೋಲು ಎನ್ನುವುದನ್ನು ಅಂಬಿಗರು ‘ಪರಿಸಲ್’ ಎನ್ನುತ್ತಾರೆ, ಒಂದೇ ಹೊಳೆ ದಾಟಿಸುತ್ತಾರೆ. ಆಚೆ ದಡ ಚಾಮರಾಜನಗರ ಜಿಲ್ಲೆ, ಈಚೆ ದಡ ಧರ್ಮಪುರಿ. ನಡುವೆ ಭೂಪಟದಲ್ಲಿ ಬರೆದ ಒಂದು ಗೆರೆ ಇದೆ. ಆ ಗೆರೆಯನ್ನು ಅಳಿಸುವುದು ನಮ್ಮ ಕೆಲಸವಲ್ಲ. ಅದು ಮಗುವಿನ ನಾಲಗೆಯ ಮೇಲೆ ಬರೆಯಾಗದಂತೆ ನೋಡಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲಿದೆ. ಮುಂದಿನ ಸಲ ಎಲೆಯ ಚಿತ್ರ ಬರೆದ ಹಾಳೆ ನಿಮ್ಮ ಮೇಜಿಗೆ ಬಂದಾಗ, ಅಡ್ಡಗೆರೆ ಎಳೆಯುವ ಮೊದಲು ನಾವು ಕೊಟ್ಟ ಸೂಚನೆಯನ್ನು ಒಮ್ಮೆ ಓದಿ ನೋಡೋಣ.