ಅರವತ್ತರ ಅರಳುಮರಳು ಮತ್ತು ಮನೆಯವರ ಪಾಡು

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ಕನ್ನಡ ಮನೆಗಳಲ್ಲಿ ತಮಾಷೆಯ ಮಾತಾಗಿ ಬಳಕೆಯಲ್ಲಿದೆ. ಈ ಮಾತನ್ನು ನಂಬಿ ಚಿಕಿತ್ಸೆಗೆ ತಡಮಾಡಿದವರೂ ಉಂಟು. ಕನ್ನಡಕವನ್ನು ಎಲ್ಲಿಟ್ಟೆನೆಂದು ಮರೆಯುವುದು ವಯೋಧರ್ಮ. ಆದರೆ ಕನ್ನಡಕವಿರುವುದು ಏತಕ್ಕೆಂದೇ ತಿಳಿಯದಾದರೆ, ನಲವತ್ತು ವರ್ಷ ಓಡಾಡಿದ ಬೀದಿಯಲ್ಲಿಯೇ ದಾರಿ ತಪ್ಪಿದರೆ, ಅದು ಮಿದುಳಿನ ಕಾಯಿಲೆಯ ಲಕ್ಷಣವಿರಬಹುದು. ವೈದ್ಯರು ಇದನ್ನು ಡಿಮೆನ್ಷಿಯಾ ಎನ್ನುತ್ತಾರೆ. 1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಅಲ್ಜೈಮರ್ ವಿವರಿಸಿದ ರೋಗವೇ ಇದರ ಅತಿ ಸಾಮಾನ್ಯ ಕಾರಣ. ಆತ ವಿವರಿಸಿದ ರೋಗಿಯು ಆಸ್ಪತ್ರೆಗೆ ಬಂದಾಗ ಆಕೆಗೆ ಐವತ್ತೊಂದೇ ವರ್ಷವೆಂಬುದನ್ನು ಗಾದೆ ಹೇಳುವವರು ಗಮನಿಸಬೇಕು.

2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ, ಭಾರತದಲ್ಲಿ 60 ದಾಟಿದವರ ಪೈಕಿ ಶೇಕಡಾ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರು ಇದಕ್ಕೆ ಒಳಗಾಗಿದ್ದಾರೆ. ಅವರ ಆರೈಕೆ ಬಹುಪಾಲು ಮನೆಯಲ್ಲಿಯೇ, ಹೆಚ್ಚಾಗಿ ಮಡದಿ, ಮಗಳು, ಸೊಸೆಯರ ಕೈಯಲ್ಲಿಯೇ ನಡೆಯುತ್ತದೆ.

ಹೊರನಾಡ ಕನ್ನಡಿಗರಿಗೆ ಇಲ್ಲಿ ಭಾಷೆಯ ತೊಡಕೊಂದು ಸೇರಿಕೊಳ್ಳುತ್ತದೆ. ಈ ಕಾಯಿಲೆಯಲ್ಲಿ ಈಚೆಗೆ ಕಲಿತದ್ದು ಮೊದಲು ಅಳಿದು, ಎಳವೆಯಲ್ಲಿ ಕಲಿತದ್ದು ಹೆಚ್ಚು ಕಾಲ ಉಳಿಯುವುದುಂಟು. ಮಗನೊಡನಿರಲು ಪುಣೆಗೆ ಬಂದ ವೃದ್ಧ ತಾಯಿ, ಮರಾಠಿಯಲ್ಲಿ ಮಾತನಾಡಿಸುವ ಆಯಾಳಿಗೆ ಉತ್ತರಿಸದಿದ್ದರೆ ಅದನ್ನು ಹಟವೆಂದು ಭಾವಿಸಲಾಗದು. ಸ್ಮರಣಶಕ್ತಿಯ ಪರೀಕ್ಷೆಯೂ ಹಿರಿಯರಿಗೆ ಚೆನ್ನಾಗಿ ಬರುವ ಭಾಷೆಯಲ್ಲಿಯೇ ನಡೆಯತಕ್ಕದ್ದು. ಇಲ್ಲವಾದರೆ ಭಾಷೆ ಬಾರದಿರುವುದೇ ಮರೆವೆಂದು ದಾಖಲಾದೀತು. ಮನೆಯವರು ಇದನ್ನು ವೈದ್ಯರಿಗೆ ಸಂಕೋಚವಿಲ್ಲದೆ ತಿಳಿಸಬೇಕು.

ಹಲವು ಭಾಷೆಗಳ ನಡುವೆ ಬಾಳುವುದರಿಂದ ಲಾಭವೂ ಇದ್ದೀತು. ಹೈದರಾಬಾದಿನಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ವರದಿಯಂತೆ, ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ಲಕ್ಷಣಗಳು ಸುಮಾರು ನಾಲ್ಕೂವರೆ ವರ್ಷ ತಡವಾಗಿ ತಲೆದೋರಿದ್ದವು. ಓದುಬರಹ ಬಾರದವರಲ್ಲಿಯೂ ಅಂತರ ಕಂಡುಬಂದಿತು.

ಅಲ್ಜೈಮರ್ ರೋಗವನ್ನು ಪೂರ್ಣ ಗುಣಪಡಿಸುವ ಔಷಧಿ ಇಲ್ಲ. ಆದರೆ ಥೈರಾಯ್ಡ್ ಕೊರತೆ, ಬಿ12 ಜೀವಸತ್ವದ ಅಭಾವ, ಖಿನ್ನತೆ ಇವುಗಳಿಂದ ಬರುವ ಮರೆವು ಚಿಕಿತ್ಸೆಗೆ ಬಗ್ಗುವಂಥದು. ಆದುದರಿಂದ ಮೊದಲು ತಪಾಸಣೆ ಅಗತ್ಯ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಿವುಡುತನಗಳನ್ನು ನಡುವಯಸ್ಸಿನಿಂದಲೇ ಅಲಕ್ಷಿಸಬಾರದು.

ರೋಗಿಯೊಡನೆ ವಾದಕ್ಕಿಳಿಯುವುದರಿಂದ ಪ್ರಯೋಜನವಿಲ್ಲ. ಊಟ, ಸ್ನಾನ, ನಿದ್ರೆಗಳು ದಿನವೂ ಒಂದೇ ವೇಳೆಗೆ ನಡೆದರೆ ಗಾಬರಿ ಕಡಮೆ. ಜೇಬಿನಲ್ಲಿರಿಸುವ ವಿಳಾಸದ ಚೀಟಿಯನ್ನು ಮುಂಬಯಿಯಲ್ಲಿ ಮರಾಠಿಯಲ್ಲಿ, ಚೆನ್ನೈಯಲ್ಲಿ ತಮಿಳಿನಲ್ಲಿ ಬರೆಯಬೇಕು. ದಾರಿಹೋಕರು ಓದಬೇಕಾದ ಚೀಟಿಯಲ್ಲವೇ ಅದು!

ಇರುಳೆಲ್ಲ ಎಚ್ಚರವಿರುವ ಸೊಸೆಗೂ ನಿದ್ರೆ ಬೇಕು. ವಾರದಲ್ಲಿ ಒಂದು ಮಧ್ಯಾಹ್ನವಾದರೂ ಮನೆಯ ಗಂಡಸರು ಆ ಹೊರೆಯನ್ನು ತಾವು ಹೊರಬೇಕು. ಆರೈಕೆ ಮಾಡುವವರು ಮನಸ್ಸು ಕುಗ್ಗಿದಾಗ ಕೇಂದ್ರ ಸರಕಾರದ ‘ಟೆಲಿ ಮಾನಸ್’ ಉಚಿತ ದೂರವಾಣಿ 14416ಕ್ಕೆ ಕರೆ ಮಾಡಿ, ಕನ್ನಡವನ್ನು ಆರಿಸಿಕೊಂಡು ಮಾತನಾಡಬಹುದು.