ಅಜ್ಜನ ಪ್ಲೇಟು, ಯಾರ ಹಾಡು?



ನಿಮ್ಮಲ್ಲಿ ಕೆಲವರು ವೈನಿಲ್ ಕೊಳ್ಳುತ್ತೀರಿ ಅಂತ ನನಗೆ ಗೊತ್ತು. ಫೋನಿನಲ್ಲಿ ಪುಕ್ಕಟೆ ಸಿಗುವ ಹಾಡಿಗೆ ಯಾಕಪ್ಪಾ ಇಷ್ಟು ದುಡ್ಡು ಅಂತ ಅಪ್ಪ ಗೊಣಗಿದ್ದನ್ನೂ ಕೇಳಿರುತ್ತೀರಿ. ಅದೇ ಅಪ್ಪ ಊರಿಂದ ಬರುವಾಗ ಸೂಟ್‌ಕೇಸಿನಲ್ಲಿ ಸೀರೆ ಮಡಿಕೆಗಳ ನಡುವೆ ಇಟ್ಟು ತಂದ ನಾಲ್ಕಾರು ಕನ್ನಡ ರೆಕಾರ್ಡುಗಳು ನಿಮ್ಮ ಗರಾಜಿನಲ್ಲಿ ಇದ್ದರೂ ಇರಬಹುದು. ಅಜ್ಜ-ಅಜ್ಜಿಯರ ಬಾಯಲ್ಲಿ ಅದು ರೆಕಾರ್ಡೂ ಅಲ್ಲ, ವೈನಿಲ್ಲೂ ಅಲ್ಲ, ‘ಪ್ಲೇಟು’. ಇವತ್ತಿನ ಮಾತು ಆ ಪ್ಲೇಟಿನ ಬಗ್ಗೆ, ಅದರೊಳಗಿನ ಹಾಡು ಯಾರದು ಎನ್ನುವುದರ ಬಗ್ಗೆ.

ಮೊದಲು ಪ್ಲೇಟನ್ನೇ ನೋಡೋಣ. ಅಂಗೈಗಿಂತ ಸ್ವಲ್ಪ ದೊಡ್ಡದು, 7 ಇಂಚು, ಮಿನಿಟಿಗೆ 45 ಸುತ್ತು, ಎರಡು ಬದಿ ಸೇರಿ ಮೂರೋ ನಾಲ್ಕೋ ಹಾಡು: ಇದು ಇಪಿ. ಅರವತ್ತು, ಎಪ್ಪತ್ತರ ದಶಕದ ಕನ್ನಡ ಸಿನಿಮಾ ಹಾಡುಗಳು ಮನೆಗೆ ಬಂದದ್ದು ಹೆಚ್ಚಾಗಿ ಹೀಗೆ. ಅದಕ್ಕಿಂತ ಹಳೆಯವು ಮಿನಿಟಿಗೆ 78 ಸುತ್ತಿನವು. ಅವು ವೈನಿಲ್ ಅಲ್ಲವೇ ಅಲ್ಲ, ಅರಗಿನವು. ಕೈ ಜಾರಿದರೆ ಹೆಂಚಿನ ಹಾಗೆ ಚೂರಾಗುತ್ತವೆ. ಒಂದು ಬದಿಗೆ ಸುಮಾರು ಮೂರೇ ನಿಮಿಷ ಹಿಡಿಸುತ್ತಿತ್ತು. ಆದ್ದರಿಂದ ಸಿನಿಮಾದಲ್ಲಿದ್ದ ಒಂದು ಚರಣ ಪ್ಲೇಟಿನಲ್ಲಿ ಇರುವುದಿಲ್ಲ. ಆದರೆ ಸಿನಿಮಾದಲ್ಲಿ ಮಾತು, ಗದ್ದಲದ ನಡುವೆ ಮುಳುಗಿಹೋದ ಕೊಳಲು ಪ್ಲೇಟಿನಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ 1934ರದು, ಅದರ ಪ್ರಿಂಟೇ ಉಳಿದಿಲ್ಲ. ನಮ್ಮ ಹಳೆಯ ಚಿತ್ರಗಳ ಪಾಡು ಇದು. ಹಾಗಾಗಿ ಗರಾಜಿನ ಪ್ಲೇಟನ್ನು ಹಳೇ ಸಾಮಾನು ಅಂತ ಎಸೆಯುವ ಮೊದಲು ಒಂದು ಕ್ಷಣ ತಡೆಯಿರಿ.

ಬೆಲೆ ಎಷ್ಟು ಅಂತ ಕೇಳುತ್ತೀರಿ, ಗೊತ್ತು. ಇಲ್ಲೊಂದು ತಮಾಷೆಯಿದೆ. ಎಲ್ಲರಿಗೂ ಇಷ್ಟವಾದ ರಾಜ್‌ಕುಮಾರ್ ಚಿತ್ರದ ರೆಕಾರ್ಡು ಸಾವಿರಾರು ಮನೆಗಳಿಗೆ ಹೋಗಿತ್ತು, ಇವತ್ತೂ ಹುಡುಕಿದರೆ ಸಿಗುತ್ತದೆ. ಎರಡು ವಾರ ಓಡದ ಚಿತ್ರದ್ದು ಸಿಗುವುದಿಲ್ಲ, ಅಚ್ಚಾಗಿದ್ದೇ ಕಡಿಮೆ. ಸಂಗ್ರಾಹಕರು ಹುಡುಕುವುದು ಎರಡನೆಯದನ್ನು. ಅಂದು ಜನ ಬೇಡ ಎಂದದ್ದಕ್ಕೆ ಇಂದು ಹೆಚ್ಚು ದುಡ್ಡು.

ರುಚಿಯೂ ಹಾಗೆಯೇ ತಿರುಗುತ್ತದೆ. ಬಹಳ ಕಾಲ ತೆರೆಯ ಮೇಲಿನ ರಾಜ್‌ಕುಮಾರ್‌ಗೆ ಹಾಡಿನ ಕಂಠ ಪಿ.ಬಿ. ಶ್ರೀನಿವಾಸ್ ಅವರದು. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ರಾಜ್ ಎಮ್ಮೆಯ ಮೇಲೆ ಕೂತು ತಾವೇ ಹಾಡಿದರು, ಅಲ್ಲಿಂದ ಮುಂದೆ ಕಿವಿಯೇ ಬದಲಾಯಿತು. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ಜಿ.ಕೆ. ವೆಂಕಟೇಶ್ ಅವರು ರಾಜ್ ಬಾಯಲ್ಲಿ ಇಂಗ್ಲಿಷ್ ಹಾಡನ್ನೇ ಹಾಡಿಸಿದರು. ನಿಮ್ಮಲ್ಲಿ ಬಹಳ ಜನ ಅದನ್ನು ಮೊದಲು ನೋಡಿದ್ದು ಮೀಮಿನಲ್ಲಿ, ನಗುತ್ತಾ. ಈಗ ಅದೇ ಹಾಡನ್ನು ಪಾರ್ಟಿಯಲ್ಲಿ ಪ್ರೀತಿಯಿಂದಲೇ ಹಾಕುತ್ತೀರಿ. 1987ರಲ್ಲಿ ಹಂಸಲೇಖ ಅವರ ‘ಪ್ರೇಮಲೋಕ’ ಬಂದಾಗ ಇದೇನು ಹಾಡೋ ಮಾತೋ ಅಂತ ಹಿರಿಯರು ಮುಖ ಸಿಂಡರಿಸಿದ್ದರು. ಇಂದು ಅದೇ ಹಿರಿಯರು ಸಂಘದ ಕಾರ್ಯಕ್ರಮದಲ್ಲಿ ಅದಕ್ಕೆ ಕಾಲು ಕುಣಿಸುತ್ತಾರೆ.

ಈಗ ಹಕ್ಕಿನ ವಿಷಯ. ಟೇಲರ್ ಸ್ವಿಫ್ಟ್ ತನ್ನ ಹಳೆಯ ಆಲ್ಬಮ್‌ಗಳನ್ನು 2021ರಿಂದ ಮತ್ತೆ ಹಾಡಿ ಬಿಡುಗಡೆ ಮಾಡಿದ್ದು ಯಾಕೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಹಾಡು ಬರೆದವಳು ಅವಳೇ, ಆದರೆ ಅಂದು ರೆಕಾರ್ಡ್ ಮಾಡಿದ ಧ್ವನಿಯ ಒಡೆತನ ಬೇರೆಯವರ ಕೈಯಲ್ಲಿತ್ತು. ಅಂದರೆ ನಾವು ಒಂದು ಹಾಡು ಎನ್ನುವುದು ಕಾನೂನಿನ ಕಣ್ಣಿಗೆ ಮೂರು. ಸಾಹಿತ್ಯ ಒಂದು, ರಾಗ ಒಂದು, ಧ್ವನಿಮುದ್ರಣ ಇನ್ನೊಂದು. ನಿಮ್ಮ ಕೈಯಲ್ಲಿರುವ ಪ್ಲೇಟು ಈ ಮೂರರಲ್ಲಿ ಯಾವುದೂ ಅಲ್ಲ, ಅದು ಬರೀ ಪ್ಲಾಸ್ಟಿಕ್. ಅದನ್ನು ಮಾರಬಹುದು, ತಮ್ಮನಿಗೆ ಕೊಡಬಹುದು, ಗೋಡೆಗೆ ತೂಗುಹಾಕಬಹುದು.

ನಮ್ಮದೇ ಉದಾಹರಣೆ ನೋಡಿ. 1964ರ ‘ನಾಂದಿ’ ಚಿತ್ರ, ಅದರಲ್ಲಿ ಮಗುವಿಗೆ ಹೇಳುವ ಒಂದು ಹಾಡಿದೆ, ನಿಮ್ಮ ಅಮ್ಮ ನಿಮ್ಮನ್ನು ಮಲಗಿಸುವಾಗ ಖಂಡಿತ ಹಾಡಿರುತ್ತಾರೆ. ಸಾಹಿತ್ಯ ಆರ್.ಎನ್. ಜಯಗೋಪಾಲ್, ಸಂಗೀತ ವಿಜಯಭಾಸ್ಕರ್, ಕಂಠ ಪಿ.ಬಿ. ಶ್ರೀನಿವಾಸ್. ಭಾರತದ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ವರ್ಷ ಕಳೆದ ಮೇಲೆ 60 ವರ್ಷ. ರೆಕಾರ್ಡು ಚಿತ್ರದ ವರ್ಷವೇ ಹೊರಬಂದಿದ್ದರೆ ಆ ಹಕ್ಕು 2024ರ ಕೊನೆಗೇ ಮುಗಿಯಿತು. ಆದರೆ ಸಾಹಿತ್ಯ, ಸಂಗೀತದ ಲೆಕ್ಕ ಬೇರೆ: ಬರೆದವರು ತೀರಿಕೊಂಡ ಮೇಲೆ 60 ವರ್ಷ. ವಿಜಯಭಾಸ್ಕರ್ ತೀರಿಕೊಂಡದ್ದು 2002ರಲ್ಲಿ, ಜಯಗೋಪಾಲ್ 2008ರಲ್ಲಿ. ಹಾಗಾದರೆ ರಾಗ 2062ರ ಕೊನೆಯವರೆಗೆ, ಸಾಹಿತ್ಯ 2068ರ ಕೊನೆಯವರೆಗೆ ಹಕ್ಕಿನೊಳಗೇ ಇರುತ್ತದೆ. ಇದು ಭಾರತದ ಮಾತು. ಅಮೆರಿಕದಲ್ಲಿ 1972ರ ಫೆಬ್ರವರಿ 15ಕ್ಕಿಂತ ಹಿಂದಿನ ಧ್ವನಿಮುದ್ರಣಗಳ ಅವಧಿ ಇನ್ನೂ ಉದ್ದ. ನೀವು ಎಲ್ಲಿ ಕೂತು ಅಪ್‌ಲೋಡ್ ಮಾಡುತ್ತೀರೋ ಆ ದೇಶದ ಕಾನೂನೂ ನಿಮಗೆ ಲಾಗುತ್ತದೆ. ಊರಲ್ಲಿ ಹಕ್ಕು ಮುಗಿದಿದೆ ಎಂಬ ಧೈರ್ಯ ಸಾಲದು.

ಸಾಹಿತ್ಯ ಬೇರೆ, ರಾಗ ಬೇರೆ ಎನ್ನುವುದನ್ನು ನೀವು ಕಿವಿಯಾರೆ ಕೇಳಿದ್ದೀರಿ. 2022ರ ನವೆಂಬರ್‌ನಲ್ಲಿ ‘ಕಾಂತಾರ’ ಓಟಿಟಿಗೆ ಬಂದಾಗ ಕ್ಲೈಮ್ಯಾಕ್ಸಿನ ಹಾಡು ಥಿಯೇಟರಿನಲ್ಲಿ ಕೇಳಿದಂತಿರಲಿಲ್ಲ, ನೆನಪಿದೆಯಾ? ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ತಮ್ಮ ‘ನವರಸಂ’ ಹಾಡನ್ನು ಹೋಲುತ್ತದೆ ಎಂದು ಕೋರ್ಟಿಗೆ ಹೋಗಿ ತಡೆ ತಂದಿತ್ತು. ಪದಗಳು ಹಾಗೇ ಉಳಿದವು, ರಾಗ ಬದಲಾಯಿತು. ಆಮೇಲೆ ಮೊದಲಿನ ರಾಗ ಮರಳಿತೆನ್ನಿ. ತಂಡ ಹೇಳಿದ್ದು ಸರಿಯೋ ತಪ್ಪೋ ಎನ್ನುವ ಜಗಳಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ.

ಇನ್ನೊಂದು ಘಟನೆ ನಮ್ಮ ಸಂಘಗಳಿಗೆ ಇನ್ನೂ ಹತ್ತಿರದ್ದು. 2017ರ ಮಾರ್ಚ್‌ನಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅಮೆರಿಕದಲ್ಲಿ ಊರೂರು ಸುತ್ತಿ ಕಛೇರಿ ಮಾಡುತ್ತಿದ್ದರು. ಇಳಯರಾಜಾ ಕಡೆಯಿಂದ ವಕೀಲರ ನೋಟೀಸು ಬಂತು: ಅನುಮತಿಯಿಲ್ಲದೆ ನನ್ನ ಹಾಡುಗಳನ್ನು ಹಾಡಬಾರದು. ಇಬ್ಬರೂ ಹರೆಯದಿಂದ ಗೆಳೆಯರು. ನಾನಾಗಲೇ ಹೇಳಿದ ಜಿ.ಕೆ. ವೆಂಕಟೇಶ್ ಅವರ ಬಳಿಯೇ ಇಳಯರಾಜಾ ಗಿಟಾರ್ ನುಡಿಸುತ್ತಾ, ಸಹಾಯಕರಾಗಿ ಕೆಲಸ ಕಲಿತದ್ದು. 1981ರ ನಮ್ಮ ‘ಗೀತಾ’ ಚಿತ್ರಕ್ಕೆ ಇಳಯರಾಜಾ ಸಂಗೀತ, ಎಸ್‌ಪಿಬಿ ಕಂಠ. ಇಷ್ಟಾಗಿಯೂ ಎಸ್‌ಪಿಬಿ ಜಗಳಕ್ಕೆ ನಿಲ್ಲಲಿಲ್ಲ. ಕಾನೂನು ಹಾಗಿದ್ದರೆ ಹಾಗೆಯೇ ಆಗಲಿ ಎಂಬಂತೆ ಆ ಹಾಡುಗಳನ್ನು ಬಿಟ್ಟು ಉಳಿದವನ್ನು ಹಾಡಿ ಪ್ರವಾಸ ಮುಂದುವರಿಸಿದರು. ಹಾಡಿದವನಿಗೇ ಹಾಡಬೇಡ ಅನ್ನುವುದೇ ಅಂತ ಬಹಳ ಜನ ಸಿಟ್ಟಾದರು. ನನಗೂ ಬೇಸರವಾಗಿತ್ತು. ಆದರೂ ನನ್ನ ಮನಸ್ಸು ಸಂಗೀತ ಮಾಡಿದವರ ಕಡೆಗೇ ವಾಲುತ್ತದೆ, ಯಾಕೆಂದರೆ ಅವರ ಹಿಂದಿನ ಕಥೆ ಹೀಗಿದೆ.

1977ರಲ್ಲಿ ಸುಪ್ರೀಂ ಕೋರ್ಟು, ದುಡ್ಡು ಕೊಟ್ಟು ಬರೆಸಿದ ಸಿನಿಮಾ ಹಾಡಿನ ಹಕ್ಕು ಬೇರೆ ಒಪ್ಪಂದ ಇಲ್ಲದಿದ್ದರೆ ನಿರ್ಮಾಪಕನದೇ ಎಂದಿತು. ಹಾಡು ಬರೆದವರು ಒಮ್ಮೆ ಚೆಕ್ಕು ತಗೊಂಡು ಮನೆಗೆ ಹೋದರೆ ಮುಗಿಯಿತು. ಆ ಹಾಡು ಐವತ್ತು ವರ್ಷ ರೇಡಿಯೋದಲ್ಲಿ ಬಂದರೂ ಅವರಿಗೆ ಕಾಸಿಲ್ಲ. 2012ರ ತಿದ್ದುಪಡಿ ಇದನ್ನು ಬದಲಿಸಿತು. ರಾಜ್ಯಸಭೆಯಲ್ಲಿ ಅದಕ್ಕಾಗಿ ವಾದಿಸಿದವರು ಸ್ವತಃ ಹಾಡು ಬರೆಯುವ ಜಾವೇದ್ ಅಖ್ತರ್. ಚಿತ್ರಮಂದಿರದಲ್ಲಿ ಸಿನಿಮಾದ ಜೊತೆ ಕೇಳಿಸುವುದನ್ನು ಬಿಟ್ಟು ಬೇರೆ ಎಲ್ಲಿ ಬಳಸಿದರೂ ಬರುವ ರಾಯಲ್ಟಿಯಲ್ಲಿ ಸಾಹಿತಿಗೂ ಸಂಗೀತಗಾರನಿಗೂ ಸಮಪಾಲು. ಆ ಪಾಲನ್ನು ನಿರ್ಮಾಪಕರಿಗೆ ಬರೆದುಕೊಡುತ್ತೇನೆ ಎಂದರೂ ಆಗುವುದಿಲ್ಲ.

ಆದರೆ ಪಾಲು ಸಿಗಬೇಕಾದರೆ ಹೆಸರು ಗೊತ್ತಿರಬೇಕಲ್ಲ? ಈಗ ಆ್ಯಪ್ ತೆರೆದು ಯಾವುದಾದರೂ ಹಳೆಯ ಕನ್ನಡ ಹಾಡು ನೋಡಿ. ಗಾಯಕರ ಹೆಸರು ದೊಡ್ಡದಾಗಿ ಇರುತ್ತದೆ. ಬರೆದವರ ಹೆಸರು ಒಳಗೆಲ್ಲೋ, ಕೆಲವೊಮ್ಮೆ ಇರುವುದೇ ಇಲ್ಲ, ಕೆಲವೊಮ್ಮೆ ತಪ್ಪು. ಪ್ಲೇಟಿನ ನಡುವಿನ ದುಂಡು ಲೇಬಲ್ಲಿನ ಮೇಲೆ ಚಿತ್ರದ ಹೆಸರು, ಗಾಯಕರು, ಸಂಗೀತ, ಎಷ್ಟೋ ಸಲ ಸಾಹಿತ್ಯ ಬರೆದವರು ಕೂಡ, ಎಲ್ಲ ಅಚ್ಚಾಗಿರುತ್ತದೆ. ಆ ಚೂರು ಕಾಗದವೇ ಸಾಕ್ಷಿ.

ಅದಕ್ಕೇ ನಿಮಗೆ ನನ್ನದೊಂದು ಕೆಲಸ. ಗರಾಜಿನ ಪ್ಲೇಟುಗಳನ್ನು ಹೊರತೆಗೆದು ಎರಡೂ ಬದಿಯ ಲೇಬಲ್ಲು, ಕವರಿನ ಹಿಂಭಾಗ ಫೋಟೋ ತೆಗೆದಿಡಿ. ಲೇಬಲ್ಲಿಗೂ ಗೀರುಗಳಿಗೂ ನಡುವೆ ಖಾಲಿ ಜಾಗದಲ್ಲಿ ಕೆತ್ತಿದ ನಂಬರನ್ನೂ ಬರೆದುಕೊಳ್ಳಿ. ಕನ್ನಡ ಓದಲು ತಡವರಿಸಿದರೆ ಅಜ್ಜಿಗೆ ವಿಡಿಯೋ ಕಾಲ್ ಮಾಡಿ, ಅವರೇ ಓದಿ ಹೇಳುತ್ತಾರೆ, ಜೊತೆಗೆ ಹಾಡಿಯೂ ತೋರಿಸುತ್ತಾರೆ. ನಿಮ್ಮ ಬ್ಯಾಂಡಿನಲ್ಲಿ ಹಾಡಿ ವಿಡಿಯೋ ಹಾಕುವುದಿದ್ದರೆ ಅನುಮತಿಯ ವಿಷಯ ಮೊದಲೇ ವಿಚಾರಿಸಿ, ವಿಡಿಯೋ ಕೆಳಗೆ ಸಾಹಿತಿಯ ಹೆಸರು ಮೊದಲ ಸಾಲಿನಲ್ಲೇ ಬರೆಯಿರಿ.

ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದಂತೆ ನಿಲ್ಲಿಸಿಡಿ. 78ರದು ಸಿಕ್ಕಿದರೆ ನಿಮ್ಮ ಹೊಸ ಟರ್ನ್‌ಟೇಬಲ್ಲಿನ ಮುಳ್ಳಿನಲ್ಲಿ ನುಡಿಸಬೇಡಿ. ಅದರ ಗೀರು ಅಗಲ, ಅದಕ್ಕೆ ಬೇರೆಯೇ ಮುಳ್ಳು ಬೇಕು, ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ.